ಸೀನು ಮತ್ತು ಸೆಕ್ರೆಟರಿ

ಮುಂಬೈಯ ಮುಲುಂಡಿನಲ್ಲಿ ಲೋಕಲ್ ರೈಲು ಹತ್ತಿ, ಮೂವರ ಸೀಟಿಗೆ ನಾಲ್ಕನೆಯವನಾಗಿ, ಹೇಗೋ ಫೋರ್ತ್ ಸೀಟಿನ ತುದಿಗೆ ಅಂಟಿಕೊಂಡಿದ್ದೆ. ಮೂರು ಸಲ ಸೀನಿದೆ, ಅಷ್ಟೇ. ಪಕ್ಕದ ಮೂವರೂ ಕಿಟಕಿಯ ಕಡೆ ಒತ್ತಿಕೊಂಡರು. ಹದಿನೆಂಟು ವರ್ಷದ ಲೋಕಲ್ ಜೀವನದಲ್ಲಿ ಮೊದಲ ಸಲ ಪೂರ್ತಿ ಸೀಟು ಸಿಕ್ಕಿತು. ಅನುಭವಿಸಲು ಬಿಡಬೇಕಲ್ಲ. ಎದುರು ಕೂತಿದ್ದ ಉಡುಪಿ ಕಡೆಯ ಹಿರಿಯರೊಬ್ಬರು, ದಿನಾ ನೋಡುವ ಮುಖ, "ನಿಮ್ಮ ಇಮ್ಯುನಿಟಿ ಭಾರೀ ವೀಕ್ ಮಾರಾಯ್ರೆ" ಅಂದರು.

ರೇಗಿತು. ವೀಕ್ ಆಗಿದ್ದರೆ ಇಷ್ಟು ಜೋರಾಗಿ ಸೀನುತ್ತಿದ್ದೆನಾ? ಮೂಗು ಸೋರುವುದು, ಗಂಟಲು ಉರಿಯುವುದು, ಮೈ ಬಿಸಿಯಾಗುವುದು, ಇದರಲ್ಲಿ ಮುಕ್ಕಾಲು ಪಾಲು ವೈರಸ್ಸಿನದಲ್ಲ, ನನ್ನದೇ ಕಾವಲಿನವರ ಗಲಾಟೆ. ಇದನ್ನು ಅವರಿಗೆ ಹೇಳೋಣ ಅಂತ ಬಾಯಿ ತೆರೆದರೆ ನಾಲ್ಕನೇ ಸೀನು ಬಂತು.

ಇದು ಅರ್ಥವಾಗಬೇಕಾದರೆ ನಮ್ಮ ಹೌಸಿಂಗ್ ಸೊಸೈಟಿಗೆ ಕಳ್ಳ ಬಂದ ಕತೆ ಹೇಳಬೇಕು. ಹೋದ ಮಳೆಗಾಲದ ಒಂದು ರಾತ್ರಿ ಬಿ ವಿಂಗಿನಲ್ಲಿ ಯಾರೋ "ಚೋರ್ ಚೋರ್" ಎಂದು ಕೂಗಿದರು. ಅಕ್ಕಪಕ್ಕದವರೆಲ್ಲ ದಡಬಡ ಚಿಲಕ ಹಾಕಿಕೊಂಡರು. (ವೈರಸ್ ಹೊಕ್ಕ ಜೀವಕೋಶವೂ ಹೀಗೇ ಇಂಟರ್‌ಫೆರಾನ್ ಎಂಬ ಪ್ರೋಟೀನು ಬಿಟ್ಟು ನೆರೆಯವರನ್ನು ಎಚ್ಚರಿಸುತ್ತದೆ. 1957ರಲ್ಲಿ ಲಂಡನ್ನಿನಲ್ಲಿ ವಿಜ್ಞಾನಿಗಳಾದ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಇದನ್ನು ಕೋಳಿಮೊಟ್ಟೆಯ ಪೊರೆಯಲ್ಲಿ ಕಂಡುಹಿಡಿದರು. ಇರಲಿ.) ವಾಚ್‌ಮನ್ ಸೀಟಿ ಊದಿದ. ನಿಲ್ಲಿಸಲೇ ಇಲ್ಲ. ಸೆಕ್ರೆಟರಿ ಬನಿಯನ್ನಿನಲ್ಲೇ ಇಳಿದು ಬಂದು ಎರಡೂ ಗೇಟಿಗೆ ಬೀಗ ಜಡಿಸಿದರು. ಲಿಫ್ಟ್ ಬಂದ್ ಮಾಡಿಸಿದರು. ಕಳ್ಳ ನೀರಿನ ಟ್ಯಾಂಕಿನಲ್ಲಿ ಅಡಗಿರಬಹುದು ಅಂತ ಟ್ಯಾಂಕ್ ಖಾಲಿ ಮಾಡಿಸಿದರು. ಆರನೇ ಮಹಡಿಯ ಅಜ್ಜಿ ಮೇಲಿಂದ ಒಂದು ಬಕೆಟ್ ನೀರು ಸುರಿದರು. ಬಿದ್ದದ್ದು ಖಜಾಂಚಿಯ ತಲೆಗೆ. ಬೆಳಗಿನ ಜಾವ ಬಂದ ಹಾಲಿನ ಹುಡುಗನನ್ನು ಹಿಡಿದು ಏಳೂವರೆ ತನಕ ಕೂರಿಸಿಕೊಂಡರು.

ಕಳ್ಳ ಒಯ್ದದ್ದು ಒಂದು ಜೊತೆ ಚಪ್ಪಲಿ. ನಮಗೆ ಎರಡು ದಿನ ನೀರಿಲ್ಲ, ನಾಲ್ಕು ದಿನ ಲಿಫ್ಟಿಲ್ಲ. ಕೇಳಿದರೆ ಸೆಕ್ರೆಟರಿ, "ನಿಮ್ಮ ಸೇಫ್ಟಿಗೇ ಅಲ್ವಾ?" ಅಂದರು.

ವಾರ ಕಳೆದ ಮೇಲೆ ಗೇಟಿನಲ್ಲಿ ಕಳ್ಳನ ಫೋಟೊ ಅಂಟಿಸಿದರು. ಹೊಕ್ಕ ವೈರಸ್ಸನ್ನು ಗುರುತು ಹಿಡಿಯುವ ತಕ್ಕ ಪ್ರತಿಕಾಯ (ಆಂಟಿಬಾಡಿ) ಮಾಡಿಕೊಳ್ಳಲು ಮೈಗೂ ಹೆಚ್ಚುಕಡಿಮೆ ಅಷ್ಟೇ ದಿನ ಬೇಕು. ಫೋಟೊದಲ್ಲಿ ಕೆಂಪು ಅಂಗಿ ಇತ್ತು. ವಾಚ್‌ಮನ್ ಕೆಂಪು ಅಂಗಿಯವರನ್ನೆಲ್ಲ ತಡೆದ, ನನ್ನ ಭಾವನನ್ನೂ. ಮುಂದಿನ ತಿಂಗಳು ನೀಲಿ ಅಂಗಿಯವನೊಬ್ಬ ಅವನಿಗೆ ನಮಸ್ಕಾರ ಹೊಡೆದು ಒಳಗೆ ಬಂದು ಸೈಕಲ್ ಒಯ್ದ. ನೆಗಡಿಯ ರೈನೋವೈರಸ್‌ಗಳಲ್ಲೇ 150ಕ್ಕೂ ಜಾಸ್ತಿ ಬಗೆಗಳಿವೆ. ಅಷ್ಟು ಬಣ್ಣದ ಅಂಗಿ!

ಮೈಯ ಕಾವಲಿನವರಿಗೆ ನೆನಪು ಕಡಿಮೆಯೇನಲ್ಲ. 1918ರಲ್ಲಿ ಇದೇ ಮುಂಬೈ ಬಂದರಿನಿಂದ ದೇಶಕ್ಕೆ ನುಗ್ಗಿತಲ್ಲ ಫ್ಲೂ, ಅದರ ಕಾಲದಲ್ಲಿ ಬದುಕಿದ್ದ ಅಮೆರಿಕದ ಕೆಲವು ಮುದುಕರ ರಕ್ತದಲ್ಲಿ 90 ವರ್ಷದ ಮೇಲೂ ಅದರ ಪ್ರತಿಕಾಯ ಸಿಕ್ಕಿತ್ತು. ನಮ್ಮ ಸೆಕ್ರೆಟರಿಯೂ ಮೀಟಿಂಗಿನಲ್ಲಿ ಇನ್ನೂ ಚಪ್ಪಲಿಯ ಮಾತೇ ಎತ್ತುತ್ತಾರೆ. ಸೈಕಲ್ಲಿನ ಸುದ್ದಿಯಿಲ್ಲ.

ಇದೆಲ್ಲ ಗೊತ್ತಿದ್ದೂ ವಾಟ್ಸಾಪಿನಲ್ಲಿ ದಿನಾ ಇಮ್ಯುನಿಟಿ ಹೆಚ್ಚಿಸಿಕೊಳ್ಳಿ ಅನ್ನುತ್ತಾರೆ. ಹೆಚ್ಚಿಸಿಕೊಂಡು ಏನು ಮಾಡಲಿ? ಇನ್ನಿಬ್ಬರು ಸೆಕ್ರೆಟರಿಗಳು ಬೇಕಾ?

ದಾದರ್ ಬಂತು. ಹಿರಿಯರು ಎದ್ದರು. "ಮಾಟುಂಗಾದಲ್ಲಿ ಒಂದು ಅಂಗಡಿ ಉಂಟು, ಕಷಾಯದ ಪುಡಿ ಫಸ್ಟ್ ಕ್ಲಾಸ್. ಪೆನ್ ಕೊಡಿ, ಹೆಸರು ಬರೆದು ಕೊಡ್ತೇನೆ" ಅಂದರು. ಕೊಟ್ಟೆ. ಕ್ಯಾಪ್ ತೆಗೆಯುವಷ್ಟರಲ್ಲಿ ಅವರೇ ಸೀನಿದರು, ಪೆನ್ನಿನ ಮೇಲೆಯೇ.

ಇಟ್ಟುಕೊಳ್ಳಿ ಅಂದೆ.