ಗೇಣಿ ಅಂದರೆ ಬಾಡಿಗೆ ಅಲ್ಲ

ನಿನ್ನೆ ರಾತ್ರಿಯಿಂದ ಇದೇ ತಲೆ ಕೊರೆಯುತ್ತಿದೆ. ತಂಗಿಯ ಮಗಳು ಪರೀಕ್ಷೆಗೆ ಓದುತ್ತಿದ್ದಳು. ಸುಮ್ನೆ ಅವಳ ಸಮಾಜದ ನೋಟ್ಸ್ ತೆಗೆದು ನೋಡಿದೆ. ಶಾಲೆಯಲ್ಲಿ ಬರೆಸಿದ್ದಾರೆ: ‘ಗೇಣಿ – ಬಾಡಿಗೆ. ಗೇಣಿದಾರ – ಬಾಡಿಗೆಗೆ ಇದ್ದವನು.’ ಅಷ್ಟೇ.

ಬಾಡಿಗೆಗೆ ಇರುವವನು ತಿಂಗಳಿಗೊಮ್ಮೆ ದುಡ್ಡು ಕೊಟ್ಟು ಬಾಗಿಲು ಹಾಕಿಕೊಳ್ಳುತ್ತಾನೆ. ಸರಿ ಹೋಗದಿದ್ದರೆ ಬೇರೆ ಮನೆ ನೋಡುತ್ತಾನೆ. ಗೇಣಿ ಹಾಗಾ? ಧಣಿಗಳ ಗದ್ದೆ ಉತ್ತು, ನೆಟ್ಟು, ಕೊಯ್ದು, ಅಕ್ಕಿ ಮುಡಿ ಕಟ್ಟಿ, ಹೊತ್ತುಕೊಂಡು ಹೋಗಿ ಅವರ ಅಂಗಳದಲ್ಲಿ ಇಳಿಸಬೇಕಿತ್ತು. ಮನೆಮಂದಿಯ ಊಟ ಉಳಿದದ್ದರಲ್ಲಿ. ಹಬ್ಬಕ್ಕೆ ತರಕಾರಿ, ಬಾಳೆಗೊನೆ ಬೇರೆ. ಕರೆದಾಗ ಬಿಟ್ಟಿ ಕೆಲಸ ಬೇರೆ.

ಈ ‘ಬಿಟ್ಟಿ’ ನೋಡಿ. ಕೂಲಿ ಕೊಡದೆ ಮಾಡಿಸಿಕೊಳ್ಳುವ ದುಡಿಮೆಗೆ ಇದ್ದ ಹೆಸರು ಅದು. ಈಗ ಪುಕ್ಕಟೆ ಸಿಕ್ಕಿದ್ದಕ್ಕೆಲ್ಲ ಬಿಟ್ಟಿ ಅನ್ನುತ್ತೇವೆ. ರೇಷನ್ ಅಕ್ಕಿ ತರುವವರನ್ನು ‘ಬಿಟ್ಟಿ ತಿನ್ನುವವರು’ ಎಂದು ಇಲ್ಲೇ ಫೇಸ್‌ಬುಕ್‌ನಲ್ಲಿ ಬೈಯುತ್ತಾರೆ. ಅವರಲ್ಲಿ ಎಷ್ಟು ಜನರ ಅಜ್ಜಂದಿರು ಬಿಟ್ಟಿ ಮಾಡಿ ಬೆನ್ನು ಬಗ್ಗಿಸಿಕೊಂಡವರು! ಓದಿದಾಗೆಲ್ಲ ಮೈ ಉರಿಯುತ್ತದೆ.

ಗೇಣಿಯ ಮಾತಿಗೇ ಬರುತ್ತೇನೆ. ನಮ್ಮ ದಕ್ಷಿಣ ಕನ್ನಡದಲ್ಲಿ ಅದು ಒಂದೇ ತರಹ ಇರಲಿಲ್ಲ. ಮೂಲಗೇಣಿ ಅಂದರೆ ಕಾಯಂ. ಗೇಣಿ ಇಷ್ಟೇ ಎಂದು ಗೊತ್ತುಮಾಡಿ ಆಗಿರುತ್ತಿತ್ತು, ಮಕ್ಕಳಿಗೂ ದಾಟುತ್ತಿತ್ತು. ಚಾಲಗೇಣಿಗೆ ಆ ಧೈರ್ಯವಿಲ್ಲ. ಧಣಿಗಳಿಗೆ ಮನಸ್ಸು ಬಂದರೆ ಗೇಣಿ ಏರುತ್ತದೆ. ಮನಸ್ಸು ಕೆಟ್ಟರೆ ಎದ್ದು ಹೋಗಬೇಕು. ‘ಒಕ್ಕಲೆಬ್ಬಿಸುವುದು’ ಅಂತ ಪೇಪರಿನಲ್ಲಿ ಓದುತ್ತೇವಲ್ಲ, ಆ ಮಾತು ಇಂಥ ಒಕ್ಕಲು ಮನೆಗಳದ್ದು. ಹೊಸ ಮನೆಗೆ ಹೋಗುವ ದಿನಕ್ಕೂ ನಮ್ಮ ಕಡೆ ‘ಮನೆ ಒಕ್ಕಲು’ ಅನ್ನುತ್ತೇವೆ. ಕೂರುವುದಕ್ಕೂ ಎಬ್ಬಿಸುವುದಕ್ಕೂ ಅದೇ ಪದ.

ಶಿವಮೊಗ್ಗ ಜಿಲ್ಲೆಯ ಸಾಗರದ ಕಾಗೋಡಿನಲ್ಲಿ 1951ರಲ್ಲಿ ರೈತರು ಎದ್ದು ನಿಂತದ್ದು ಗೇಣಿ ಭತ್ತ ಅಳೆಯುವ ಕೊಳಗದ ವಿಚಾರಕ್ಕೆ. ಗೇಣಿ ಅಳೆದುಕೊಳ್ಳುವಾಗ ಧಣಿಗಳ ಕೊಳಗ ದೊಡ್ಡದಾಗುತ್ತಿತ್ತು. ರೈತ ಮುಖಂಡ ಗಣಪತಿಯಪ್ಪನವರು ಮುಂದೆ ನಿಂತರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಬಾಡಿಗೆ ಜಗಳಕ್ಕೆ ಯಾರಾದರೂ ಇಷ್ಟು ಮಾಡುತ್ತಾರಾ?

ಗೆಳೆಯನೊಬ್ಬನಿಗೆ ಫೋನ್ ಮಾಡಿ ಹೇಳಿಕೊಂಡೆ. ‘ಮಕ್ಕಳಿಗೆ ಸುಲಭ ಆಗಲಿ ಅಂತ ಬರೆಸಿರ್ತಾರೆ, ಹಳೇ ಪದ ಕಟ್ಟಿಕೊಂಡು ಏನು ಮಾಡ್ತೀಯ’ ಅಂದ. ಸುಲಭ ಮಾಡಲಿ, ಬೇಡ ಅನ್ನುವುದಿಲ್ಲ. ಆದರೆ ಬಾಡಿಗೆ ಎಂದು ಕಲಿತ ಮಗುವಿಗೆ, ಉತ್ತವನಿಗೇ ಭೂಮಿ ಕೊಟ್ಟ 1974ರ ಭೂಸುಧಾರಣೆ ಹೇಗೆ ಅರ್ಥವಾಗಬೇಕು? ‘ಬಾಡಿಗೆಗಿದ್ದವನಿಗೆ ದೇವರಾಜ ಅರಸು ಸರ್ಕಾರ ಜಾಗ ಬರೆದುಕೊಟ್ಟಿತು, ಪಾಪ ಯಜಮಾನ’ ಅನ್ನಿಸುತ್ತದೆ. ಉತ್ತವನ ಲೆಕ್ಕವೇ ಅಲ್ಲಿ ಇರುವುದಿಲ್ಲ. ಒಂದು ಪದ ತಪ್ಪಿದ್ದಕ್ಕೆ ಇಡೀ ಕಥೆ ತಲೆಕೆಳಗಾಗುತ್ತದೆ ಅಲ್ವಾ?

ಇಷ್ಟು ಸಿಟ್ಟು ಯಾಕೆ ಬಂತು ಎಂದು ಹೇಳಿಬಿಡುತ್ತೇನೆ. ಕಾಲೇಜಿನ ಹಾಸ್ಟೆಲ್‌ನಲ್ಲಿ ಒಬ್ಬ ಕೇಳಿದ್ದ, ‘ನಿಮ್ಮ ಜಮೀನು ಹಿಂದಿನಿಂದ ಬಂದದ್ದಾ?’ ಹೌದು ಅಂದಿದ್ದೆ. ಸುಳ್ಳು. ಗೇಣಿಗೆ ಉತ್ತ ಜಮೀನು ತನ್ನ ಹೆಸರಿಗೆ ಆಗಲಿ ಎಂದು ನನ್ನ ಅಜ್ಜ ಫಾರಂ 7ರ ಅರ್ಜಿ ತುಂಬಿಸಿ, ಭೂನ್ಯಾಯ ಮಂಡಳಿಯ ಎದುರು ಕೈಕಟ್ಟಿ ನಿಂತು ಪಡೆದ ಗದ್ದೆ ಅದು. ಹಾಗೆ ಅರ್ಜಿ ಹಾಕಿ ಸಿಕ್ಕಿದ್ದಕ್ಕೆ ಊರಲ್ಲಿ ಇವತ್ತಿಗೂ ‘ಡಿಕ್ಲರೇಷನ್ ಜಾಗ’ ಅನ್ನುತ್ತಾರೆ. ಆ ಮಾತಿಗೆ ನಾಚಿಕೆಪಟ್ಟು ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದೆ.

ಹುಡುಗಿಗೆ ಇದನ್ನೆಲ್ಲ ಹೇಳಿದೆ. ಮಾರ್ಕ್ಸ್ ಹೋದರೆ ಎಂದು ಮೊದಲು ಹೆದರಿದಳು. ಆಮೇಲೆ ಪೆನ್ನು ತೆಗೆದುಕೊಂಡು ‘ಬಾಡಿಗೆ’ಯನ್ನು ಹೊಡೆದು ಹಾಕಿದಳು.

‘ಮಾವ, ಮುತ್ತಜ್ಜನದ್ದು ಯಾವ ಗೇಣಿ?’

‘ಚಾಲಗೇಣಿ’ ಎಂದೆ. ಅವಳು ಅದನ್ನೂ ಬರೆದುಕೊಂಡಳು.