ಪುಟಕ್ಕೆ ಎಷ್ಟು ನಿಮಿಷ?

ಡಿಸೆಂಬರ್ ಮುಗಿಯುತ್ತಾ ಬಂದ ಹಾಗೆ ಹಾಸನ, ಚಿಕ್ಕಮಗಳೂರು ಕಡೆಯ ಓದುಗರ ಫೇಸ್‌ಬುಕ್ ಗೋಡೆಗಳಲ್ಲೆಲ್ಲ ವರ್ಷದಲ್ಲಿ ಓದಿದ ಪುಸ್ತಕಗಳ ಲೆಕ್ಕಪತ್ರ ಶುರುವಾಗುತ್ತದೆ. ಒಬ್ಬರದು 62 ಪುಸ್ತಕ, ಇನ್ನೊಬ್ಬರದು 100. ಸಂತೋಷ. ಆದರೆ ಬರುವ ವರ್ಷಕ್ಕೆ ನೂರರ ಗುರಿ ಇಟ್ಟುಕೊಂಡವರು ಒಮ್ಮೆ ಪೆನ್ನು ಹಿಡಿದು ಗುಣಿಸಿ ನೋಡಬೇಕು. ಪುಸ್ತಕಕ್ಕೆ 200 ಪುಟ ಅಂದರೂ 20,000 ಪುಟ, ದಿನಕ್ಕೆ 55. ಪುಟಕ್ಕೆ ಒಂದೂವರೆ ನಿಮಿಷ ಹಿಡಿದರೆ ದಿನಾ 82 ನಿಮಿಷ. ಮದುವೆ, ಜಾತ್ರೆ, ಕಾಫಿ ಕುಯ್ಲು ಯಾವುದಕ್ಕೂ ರಜೆ ಇಲ್ಲ. ಅಷ್ಟು ಹೊತ್ತು ಸಿಗದಿದ್ದವರು ಉಳಿತಾಯ ಮಾಡುವುದು ಎಲ್ಲಿ? ಪುಟದಲ್ಲೇ. ಮೇಲಿಂದ ಕೆಳಗೆ ಕಣ್ಣು ಜಾರಿಸಿ, ಸಂಭಾಷಣೆ ಹಿಡಿದು, ವರ್ಣನೆ ಬಿಟ್ಟು.

ವೇಗವಾಗಿ ಓದುವುದು ತಪ್ಪೇನಲ್ಲ. ಇಂಗ್ಲಿಷಿಗೆಂದು ಮಾಡಿದ ಅಳತೆಗೋಲನ್ನು ತಂದು ಕನ್ನಡ ಪುಟದ ಮೇಲಿಟ್ಟುಕೊಂಡು ಓಡುವುದು ಮಾತ್ರ ನನಗೆ ಸರಿಕಾಣುವುದಿಲ್ಲ.

ಆ ಅಳತೆಗೋಲು ಯಾವುದೆಂದರೆ ‘ನಿಮಿಷಕ್ಕೆ ಇಷ್ಟು ಪದ’. ಬೆಲ್ಜಿಯಂನ ಮನೋವಿಜ್ಞಾನಿ ಮಾರ್ಕ್ ಬ್ರಿಸ್‌ಬರ್ಟ್ ಹಳೆಯ ಅಧ್ಯಯನಗಳನ್ನೆಲ್ಲ ಗುಡ್ಡೆಹಾಕಿ 2019ರಲ್ಲಿ ಸರಾಸರಿ ತೆಗೆದರು. ಇಂಗ್ಲಿಷ್ ಓದುವ ವಯಸ್ಕರು ಮನಸ್ಸಿನಲ್ಲೇ ಓದಿಕೊಂಡರೆ ಮಾಹಿತಿಯ ಬರಹ ನಿಮಿಷಕ್ಕೆ 238 ಪದ, ಕಥೆ ಕಾದಂಬರಿ 260. ಗಟ್ಟಿಯಾಗಿ ಓದಿದರೆ 183. ಈಗ ಒಂದು ಕನ್ನಡ ವಾಕ್ಯ ನೋಡಿ:

‘ತೋಟ ಮಾರಿದ್ದನ್ನು ಅಣ್ಣನೂ ಅಮ್ಮನಿಗೆ ಹೇಳಿರಲಿಲ್ಲವಂತೆ.’

ಎಣಿಸಿದರೆ ಐದೇ ಪದ. ಇದನ್ನೇ ಇಂಗ್ಲಿಷಿನಲ್ಲಿ ಹೇಳಲು ಹೊರಟರೆ ಹನ್ನೆರಡು, ಹದಿಮೂರು ಪದ ಬೇಕು. ಹಾಗಾಗಿ ಕನ್ನಡದಲ್ಲಿ ನಿಮಿಷಕ್ಕೆ 120 ಪದ ಓದುವವರು ಮಂದಗತಿಯವರೇನಲ್ಲ. ಮೊಬೈಲಿನ ಆ್ಯಪ್ ‘ನಿಮ್ಮ ವೇಗ ಸರಾಸರಿಗಿಂತ ಕಡಿಮೆ’ ಅಂದರೆ ಅದು ತನ್ನ ಊರಿನ ಲೆಕ್ಕ ಹೇಳುತ್ತಿದೆ ಅಷ್ಟೆ. ಪದಗಳ ನಡುವೆ ಜಾಗ ಬಿಡುವ ರೂಢಿಯೇ ನಮಗೆ ತಡವಾಗಿ ಬಂದದ್ದು. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನ ಕೇವಲ 16 ಸಾಲು. ಆದರೆ ಅಂಥ ಹಳೆಯ ಬರಹದಲ್ಲಿ ಪದ ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಎಂದು ತೀರ್ಮಾನಿಸುವುದೇ ಅರ್ಧ ಓದು.

ಆದ್ದರಿಂದ ಪದ ಬಿಡಿ, ಪುಟ ಹಿಡಿಯಿರಿ. ಪುಸ್ತಕದ ಒಳಪುಟದಲ್ಲಿ ‘70 ಜಿಎಸ್ಎಂ ಮ್ಯಾಪ್‌ಲಿಥೊ, ಡೆಮಿ 1/8’ ಅಂತ ಕಾಗದದ ಬಗೆ, ಪುಟದ ಅಳತೆ ಅಚ್ಚಾಗಿರುತ್ತದಲ್ಲ, ಆ ಡೆಮಿ ಅಳತೆಯದ್ದೇ ಒಂದು ಕಾದಂಬರಿ ತಗೊಳ್ಳಿ. ಮೊದಲ ಅಧ್ಯಾಯ ಬೇಡ, ಒಂದು 50 ಪುಟ ದಾಟಿದ ಮೇಲೆ ಅಳೆಯಿರಿ. ಫೋನಿನಲ್ಲಿ 10 ನಿಮಿಷಕ್ಕೆ ಅಲಾರಂ ಇಟ್ಟು, ಫೋನನ್ನು ಬೆನ್ನು ಮೇಲಾಗಿ ಇನ್ನೊಂದು ಕೋಣೆಯಲ್ಲಿಡಿ. ಕಣ್ಣೆದುರು ಗಡಿಯಾರವಿದ್ದರೆ ಯಾರೂ ಸಹಜವಾಗಿ ಓದುವುದಿಲ್ಲ. ಅಲಾರಂ ಹೊಡೆದಾಗ ನಿಂತ ಸಾಲಿಗೆ ಪೆನ್ಸಿಲ್ ಚುಕ್ಕೆ ಹಾಕಿ. ಪುಟಕ್ಕೆ 30 ಸಾಲು ಅಂತಿಟ್ಟುಕೊಂಡು ನೀವು 200 ಸಾಲು ಓದಿದ್ದರೆ ಆರೂ ಮುಕ್ಕಾಲು ಪುಟದ ಹತ್ತಿರ, ಅಂದರೆ ಪುಟಕ್ಕೆ ಒಂದೂವರೆ ನಿಮಿಷ. ಇಷ್ಟಕ್ಕೇ ನಿಲ್ಲಿಸಬೇಡಿ. ಪುಸ್ತಕ ಮುಚ್ಚಿ ಆ ಪುಟಗಳಲ್ಲಿ ಯಾರು ಯಾರಿಗೆ ಏನು ಹೇಳಿದರು, ಮಾತು ನಡೆದದ್ದು ಜಗಲಿಯಲ್ಲೋ ಅಡುಗೆಮನೆಯಲ್ಲೋ, ಎಷ್ಟು ಹೊತ್ತಿನಲ್ಲಿ ಎಂದು ಬಾಯಲ್ಲಿ ಹೇಳಿಕೊಳ್ಳಿ. ಜಾಗ, ಹೊತ್ತು ಎರಡೂ ನೆನಪಿಗೆ ಬಾರದಿದ್ದರೆ ಆ ಒಂದೂವರೆ ನಿಮಿಷ ನಿಮ್ಮ ವೇಗವಲ್ಲ, ನಿಮ್ಮ ಜಾರಾಟದ ವೇಗ. ಬೇರೆ ಬೇರೆ ದಿನ ಮೂರು ಸಲ ಅಳೆದರೆ ಒಂದು ಅಂದಾಜು ಸಿಗುತ್ತದೆ.

ಇನ್ನು ‘ಸ್ಪೀಡ್ ರೀಡಿಂಗ್’ ಪಾಠಗಳು. 1959ರಲ್ಲಿ ಅಮೆರಿಕದ ಎವೆಲಿನ್ ವುಡ್ ಎಂಬಾಕೆ ಇದನ್ನು ದೊಡ್ಡ ವ್ಯಾಪಾರ ಮಾಡಿದರು. ಇಂದಿನ ಯೂಟ್ಯೂಬ್ ಸಲಹೆಗಳು ಹೆಚ್ಚುಕಮ್ಮಿ ಅದರ ಮೊಮ್ಮಕ್ಕಳು: ಬೆರಳಾಡಿಸುತ್ತಾ ಓದಿ, ಹಿಂದಕ್ಕೆ ಹೋಗಬೇಡಿ, ಮನಸ್ಸಿನೊಳಗಿನ ದನಿ ಅಡಗಿಸಿ, ಸಾಲಿನ ನಡುಭಾಗ ಮಾತ್ರ ನೋಡಿ. ಕಣ್ಣು ಕೆಲಸ ಮಾಡುವ ರೀತಿ ಬೇರೆ. ಅದು ಸಾಲಿನ ಮೇಲೆ ನೀರಿನ ಹಾಗೆ ಹರಿಯುವುದಿಲ್ಲ, ಮಿಡತೆಯ ಹಾಗೆ ಜಿಗಿಯುತ್ತದೆ. ಒಂದೊಂದು ನಿಲುಗಡೆ ಸೆಕೆಂಡಿನ ಕಾಲು ಭಾಗದಷ್ಟು, ಓದು ನಡೆಯುವುದು ಆಗಲೇ. ಪಳಗಿದ ಓದುಗರಲ್ಲೂ ನೂರರಲ್ಲಿ 10ರಿಂದ 15 ಜಿಗಿತ ಹಿಂದಕ್ಕೇ. ಎಡವಿದ ಅರ್ಥವನ್ನು ಎತ್ತಿಕೊಳ್ಳಲು ಹೋಗುವುದು ಅದು. ಆ ದಾರಿ ಮುಚ್ಚಿದರೆ ಅರ್ಥ ಅಲ್ಲೇ ಬಿದ್ದಿರುತ್ತದೆ. ಓದುವಾಗಿನ ಕಣ್ಣಿನ ಚಲನೆಯನ್ನು ಅಧ್ಯಯನ ಮಾಡಿದ ಮನೋವಿಜ್ಞಾನಿ ಕೀತ್ ರೇನರ್ ಮತ್ತು ಸಂಗಡಿಗರು ಈ ಪಾಠಗಳನ್ನೆಲ್ಲ ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದ ದೀರ್ಘ ಲೇಖನದ ತಾತ್ಪರ್ಯವೂ ಅದೇ: ವೇಗ ಎರಡು ಮೂರು ಪಟ್ಟು ಏರಿದರೆ ಗ್ರಹಿಕೆ ಇಳಿಯುತ್ತದೆ.

ಕನ್ನಡಕ್ಕೆ ಈ ಸಲಹೆಗಳು ಇನ್ನೂ ಒಂದು ಕೈ ಮೇಲಾಗಿ ಹಾನಿ ಮಾಡುತ್ತವೆ. ನಮ್ಮ ಪದದ ಜೀವ ಬಾಲದಲ್ಲಿದೆ. ಮೇಲಿನ ಐದು ಪದದ ವಾಕ್ಯಕ್ಕೇ ಹೋಗಿ. ‘ಅಣ್ಣನೂ’ ಎಂಬುದರ ಕೊನೆಯ ‘ಊ’ ಬಿಟ್ಟುಹೋದರೆ, ಅಣ್ಣನಲ್ಲದೆ ಮತ್ತೊಬ್ಬರೂ ಗುಟ್ಟು ಮುಚ್ಚಿಟ್ಟಿದ್ದರು ಎಂಬ ಸಂಗತಿಯೇ ಹೋಯಿತು. ‘ಹೇಳಿರಲಿಲ್ಲ’ದ ‘ಇಲ್ಲ’ ತಪ್ಪಿದರೆ ಕಥೆಯೇ ತಲೆಕೆಳಗು. ಕೊನೆಯ ‘ಅಂತೆ’ ತಪ್ಪಿದರೆ, ಇದು ಕಣ್ಣಾರೆ ಕಂಡ ಮಾತಲ್ಲ, ಯಾರದೋ ಬಾಯಿಂದ ಬಂದದ್ದು ಎಂಬ ಸುಳಿವು ಮಾಯ. ಐವತ್ತು ಪುಟ ಆದಮೇಲೆ ಅದು ಸುಳ್ಳೆಂದು ಗೊತ್ತಾದಾಗ ‘ಲೇಖಕರು ಮೋಸ ಮಾಡಿದರು’ ಎಂದು ಬೈಯುವವರು ಹೀಗೆ ಕಣ್ಣು ಜಾರಿಸಿ ಓದಿದವರೇ. ಸಾಲಿನ ನಡುವನ್ನಷ್ಟೇ ನೋಡುವವರ ಕಣ್ಣಿಗೆ ವಾಕ್ಯದ ತುದಿಯ ಕ್ರಿಯಾಪದ ಬೀಳುವುದು ಅದೃಷ್ಟವಿದ್ದರೆ.

ಮರ್ಯಾದೆಯ ರೂಪಗಳದ್ದೂ ಇದೇ ಕಥೆ. ತೋಟದ ಲೆಕ್ಕ ಬರೆಯುವ ರೈಟರು ಹತ್ತು ಪುಟದುದ್ದಕ್ಕೂ ಧಣಿಯ ಬಗ್ಗೆ ‘ಬಂದ್ರು, ಹೇಳಿದ್ರು’ ಅನ್ನುತ್ತಿದ್ದವರು, ಮನೆಗೆ ಹೋಗಿ ಹೆಂಡತಿಯ ಹತ್ತಿರ ‘ಬಂದಿದ್ದ’ ಅಂದರೆ ಏನೋ ಮುರಿದಿದೆ ಎಂದರ್ಥ. ಒಳ್ಳೆಯ ಲೇಖಕರು ಇದನ್ನು ವಿವರಿಸುವುದಿಲ್ಲ. ಒಂದು ‘ರು’ ತೆಗೆದು ಮುಂದೆ ಹೋಗುತ್ತಾರೆ.

ಹಾಗಾದರೆ ಎಲ್ಲಿ ನಿಧಾನ, ಎಲ್ಲಿ ಓಟ? ದೊಡ್ಡ ಕಾದಂಬರಿಯ ಮೊದಲ 40 ಪುಟ ಕಡ್ಡಾಯವಾಗಿ ನಿಧಾನ, ಪುಟಕ್ಕೆ ಮೂರು ನಿಮಿಷವಾದರೂ ಪರವಾಗಿಲ್ಲ. ಅರ್ಧಕ್ಕೆ ಬಿಟ್ಟ ಮಲೆನಾಡಿನ ಕಾದಂಬರಿಗಳಲ್ಲಿ ಬಹುಪಾಲು ಹೆಸರಿನ ಗೊಂದಲದಿಂದಲೇ ಬಿಟ್ಟವು ಎನ್ನುವುದು ನನ್ನ ಅನುಮಾನ. ಒಂದೇ ಮನೆಯಲ್ಲಿ ಇಬ್ಬರು ಗೌಡರು, ಅವರಲ್ಲಿ ಒಬ್ಬರನ್ನೇ ಮನೆಯವರೊಬ್ಬರು ‘ಭಾವ’, ಮತ್ತೊಬ್ಬರು ‘ಅಣ್ಣಯ್ಯ’, ಆಳುಗಳು ‘ಒಡೆಯರು’ ಎಂದು ಕರೆಯುತ್ತಾರೆ. ಓಡಿದವರಿಗೆ ಈ ಒಬ್ಬರೇ ಮೂರು ಜನ. ಒಂದು ಚೀಟಿಯಲ್ಲಿ ಮನೆ ಮನೆಗೊಂದು ಸಾಲು ಹಾಕಿ ಹೆಸರು, ಸಂಬಂಧ, ಕರೆಯುವ ರೀತಿ ಮೂರನ್ನೂ ಬರೆದುಕೊಳ್ಳಿ. ಆಮೇಲೆ ವೇಗ ತಾನಾಗಿ ಏರುತ್ತದೆ, ಕಷ್ಟಪಟ್ಟು ಏರಿಸಬೇಕಾಗಿಲ್ಲ. ಪತ್ತೇದಾರಿಯಲ್ಲಿ ಓಡಿ. ಎರಡನೇ ಸಲ ಓದುತ್ತಿದ್ದರೆ ಬೇಕಾದ್ದನ್ನು ಬಿಡಿ. ಮುನ್ನುಡಿ ಕೊನೆಗೆ ಓದಿ, ಎಷ್ಟೋ ಮುನ್ನುಡಿಗಳು ಕಥೆಯನ್ನೇ ಒದರಿಬಿಡುತ್ತವೆ.

ಕಾವ್ಯಕ್ಕೆ ಪುಟದ ಲೆಕ್ಕವೇ ಸಲ್ಲದು. ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶನ ‘ಜೈಮಿನಿ ಭಾರತ’ದ್ದು ವಾರ್ಧಕ ಷಟ್ಪದಿ, ಒಂದು ಪದ್ಯಕ್ಕೆ 144 ಮಾತ್ರೆ. ಮನಸ್ಸಿನಲ್ಲೇ ಓದಿದರೆ ಗೋಡೆಗೆ ಹಣೆ ಹೊಡೆದ ಹಾಗೆ. ಮೊದಲು ಅರ್ಥ ಮರೆತು ಐದೈದು ಮಾತ್ರೆಗೆ ತಟ್ಟುತ್ತಾ ಗಟ್ಟಿಯಾಗಿ ಓದಿ. 1, 2, 4, 5ನೇ ಸಾಲುಗಳಲ್ಲಿ ನಾಲ್ಕು ತಟ್ಟು. 3 ಮತ್ತು 6ರಲ್ಲಿ ಆರು ತಟ್ಟು, ಮೇಲೊಂದು ಗುರು, ಅಂದರೆ ಎರಡು ಮಾತ್ರೆ. ತಾಳ ಕೂತ ಮೇಲೆ ಸಂಧಿ ಬಿಡಿಸಿ, ಕೊನೆಗೆ ಅರ್ಥ. ಗಮಕಿಗಳು ಪದ್ಯ ಹಾಡಿ ವ್ಯಾಖ್ಯಾನಕಾರರಿಗೆ ಬಿಟ್ಟುಕೊಡುವ ಪದ್ಧತಿ ಇದೇ ಕೆಲಸವನ್ನು ಇಬ್ಬರಿಗೆ ಹಂಚಿದ್ದು. ಸಂಜೆಗೆ ಮೂರು ಪದ್ಯವಾದರೆ ಸಾಕಷ್ಟಾಯಿತು.

ಓದು ಕೈಕೊಡುವುದಕ್ಕೆ ಸೋಮಾರಿತನವೇ ಕಾರಣವಾಗಿರಬೇಕಿಲ್ಲ, ಬೆಳಕೂ ಇರಬಹುದು. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ನೇತಾಡುತ್ತದೆ. ಅಚ್ಚು ಸಣ್ಣದಾಗಿ, ಸಾಲುಗಳು ಒತ್ತೊತ್ತಾಗಿ, ಮೇಲೆ ಆಷಾಢದ ಮೋಡ ಕವಿದ ಮಧ್ಯಾಹ್ನವಾದರೆ ‘ತ್ತ’ ಯಾವುದು ‘ತ್ರ’ ಯಾವುದು ಎಂದು ಕಣ್ಣು ಪ್ರತಿ ಸಾಲಿಗೂ ತಡಕಾಡುತ್ತದೆ. ಮಳೆಗಾಲದಲ್ಲಿ ಕಿಟಕಿ ನಂಬಬೇಡಿ. ದೀಪ ಹಿಂದಿನಿಂದ, ಎಡ ಭುಜದ ಮೇಲಿಂದ ಬರಲಿ. ಸಕಲೇಶಪುರ ದಾಟಿದ ಬಸ್ಸಿನಲ್ಲಿ ಪುಸ್ತಕ ತೆರೆಯುವುದೇ ಬೇಡ. ಕಣ್ಣು ಪುಟ ನಿಂತಿದೆ ಅನ್ನುತ್ತದೆ, ಒಳಗಿವಿ ತಿರುವಿನಲ್ಲಿದ್ದೇವೆ ಅನ್ನುತ್ತದೆ. ಆ ಜಗಳದ ಫಲ ಹೊಟ್ಟೆಗೆ ಗೊತ್ತು. ಹಾಸನ–ಬೆಂಗಳೂರು ರೈಲು ವಾಸಿ. ಸುಮಾರು ಮೂರು ಗಂಟೆಗೆ ಲೆಕ್ಕದ ಪ್ರಕಾರ 120 ಪುಟ ಆಗಬೇಕು. ಕಾಫಿಯವರು, ಕಡಲೆಕಾಯಿಯವರು, ಎದುರು ಸೀಟಿನವರ ಊರು ವಿಚಾರಣೆ ಎಲ್ಲ ಕಳೆದು 80 ಸಿಕ್ಕರೆ ಪುಣ್ಯ.

ಒಂದು ಪುಟ ತಿರುಗಿಸಿದ ಮೇಲೆ ಹಿಂದಿನದರಲ್ಲಿ ಏನಿತ್ತು ಎಂದು ಹೊಳೆಯದಿದ್ದರೆ, ಪುಟದ ತಲೆಗೆ ಹೋಗಬೇಡಿ. ನೆನಪಿರುವ ಕೊನೆಯ ಮಾತು ಎಲ್ಲಿದೆಯೋ ಅಲ್ಲಿಗೆ ಹೋಗಿ, ಅದು ಮೂರು ಪುಟ ಹಿಂದಿದ್ದರೂ ಸರಿ. ಒಂದೇ ಕೂತುವಿಕೆಯಲ್ಲಿ ಮೂರು ಸಲ ಹೀಗಾದರೆ ಪುಸ್ತಕ ಮುಚ್ಚಿ ಮಲಗಿ. ಗುರುತಿಗೆ ಪುಟದ ಕಿವಿ ಮಡಿಸಬೇಡಿ, ಬಸ್ ಟಿಕೆಟ್ ಸಾಕು. ಗ್ರಂಥಾಲಯದ ಪುಸ್ತಕವಾದರೆ ಪೆನ್ಸಿಲ್ ಚುಕ್ಕೆಯೂ ಬೇಡ, ಹೆಸರಿನ ಚೀಟಿಯನ್ನು ಮಾತ್ರ ಒಳಗೇ ಬಿಟ್ಟು ವಾಪಸ್ ಕೊಡಿ. ಮುಂದೆ ಅದನ್ನು ಎರವಲು ಪಡೆಯುವವರಿಗೆ ಭಾವ ಯಾರು, ಅಣ್ಣಯ್ಯ ಯಾರು ಎಂಬ ತಾಪತ್ರಯ ತಪ್ಪುತ್ತದೆ.