40 ನಿಮಿಷಕ್ಕೆ 14 ಪುಟ

1930-40ರ ದಶಕದ ಅಮೆರಿಕನ್ ಜಾಝ್‌ಗೆ ಜೋಡಿಯಾಗಿ ಕುಣಿಯುವ ಸ್ವಿಂಗ್ ಡಾನ್ಸ್ ಸಂಜೆಯಲ್ಲಿ 40 ನಿಮಿಷ ಹಾಡು ಹಾಕುವ ಸ್ವಯಂಸೇವಕ ಡಿಜೆಗಳಿಗೆ ಹೊಸ ಮಾರ್ಗಸೂಚಿ ಬಂದಿದೆ. 14 ಪುಟ. ಸಂಬಳ ಇಲ್ಲ ಅನ್ನೋದು ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿದೆ. ಮಿಕ್ಕ 13 ಪುಟಗಳಲ್ಲಿ, ಸಂಬಳವಿಲ್ಲದ ಈ ಕೆಲಸವನ್ನು ಎಷ್ಟು ಬಗೆಯಲ್ಲಿ ಕೆಡಿಸಬಹುದು ಎಂಬ ವಿವರ.

ನಿಮ್ಮ ಗುಂಪಿನಲ್ಲೂ ಇಂಥದ್ದೊಂದು ಪಿಡಿಎಫ್ ಓಡಾಡುತ್ತಿರುತ್ತದೆ, ನನಗೆ ಗೊತ್ತು. ನಮ್ಮದು ಶುರುವಿನಲ್ಲಿ ಅರ್ಧ ಪುಟ ಇತ್ತು. ಸ್ವಿಂಗ್ ಹಾಕಿ, ಟೈಮಿಗೆ ಬನ್ನಿ, ಮೊಬೈಲ್ ಸೈಲೆಂಟ್ ಮಾಡಿ. ಅಷ್ಟೇ. ಆಮೇಲೆ ಒಬ್ಬೊಬ್ಬ ಡಿಜೆ ಒಂದೊಂದು ತಪ್ಪು ಮಾಡುತ್ತಾ ಹೋದ, ಒಂದೊಂದು ತಪ್ಪಿಗೂ ಒಂದೊಂದು ನಿಯಮ ಹುಟ್ಟುತ್ತಾ ಹೋಯಿತು. ಅಪರಾಧಗಳ ಚರಿತ್ರೆ ಅಂದುಕೊಂಡು ಓದಿದರೆ ಒಳ್ಳೆ ಟೈಂಪಾಸ್. 'ಡಿಜೆ ಮೇಜಿನ ಮೇಲೆ ಶೂ ಇಡಬಾರದು' ಅಂತ ಒಂದಿದೆ. ಯಾರೋ ಇಟ್ಟಿದ್ದಾರೆ, ಅಲ್ವಾ? ಆ ಪುಣ್ಯಾತ್ಮ ಯಾರು, ಲ್ಯಾಪ್‌ಟಾಪಿನ ಎಡಕ್ಕಿಟ್ಟನೋ ಬಲಕ್ಕಿಟ್ಟನೋ ಅಂತ ಯೋಚಿಸುತ್ತಾ ನಾನು ಒಂದಿಡೀ ಸಂಜೆ ಕಳೆದಿದ್ದೇನೆ.

ವೇಗದ ನಿಯಮಕ್ಕೆ ಬರೋಣ. ನಿಮಿಷಕ್ಕೆ 120ರಿಂದ 180 ಬೀಟ್. ಅದರ ಮೇಲಿನದು ಸಂಜೆಗೆ ಒಂದೇ. ಹಾಡುಗಳು ಅಲೆಯ ಹಾಗೆ ಏರಿ ಇಳಿಯಬೇಕಂತೆ, ಅದಕ್ಕೊಂದು ಗ್ರಾಫ್ ಬೇರೆ ಹಾಕಿದ್ದಾರೆ. ನೋಡಿದರೆ ಯಾರದೋ ಇಸಿಜಿ ಇದ್ದ ಹಾಗಿದೆ, ರೋಗಿ ಬದುಕುವ ಲಕ್ಷಣ ಕಾಣಲಿಲ್ಲ. ನಾನೂ ಶ್ರದ್ಧೆಯಿಂದ ಮೊಬೈಲಿನಲ್ಲಿ ಬೀಟ್ ಎಣಿಸುವ ಆ್ಯಪ್ ಹಾಕಿಕೊಂಡು ಕೂತೆ. ಒಂದು ಹಾಡಿಗೆ ಅದು 92 ಅಂದಿತು. ಮತ್ತೆ ಕೇಳಿಸಿದೆ, 184 ಅಂದಿತು. ಬೀಟ್ ಬಿಟ್ಟು ಬೀಟ್ ಎಣಿಸಿದರೆ ಅರ್ಧವಾಗುತ್ತದೆ, ಅದು ಎಲ್ಲರಿಗೂ ಗೊತ್ತಿರುವ ಕಥೆ. ಆದರೆ ಒಂದೇ ಹಾಡು ನಿಯಮದ ಕೆಳಗೂ ಬಿದ್ದು ಮೇಲಿನಿಂದಲೂ ಹಾರಿಹೋದದ್ದು ನೋಡಿ ನನಗೆ ಅದರ ಮೇಲೆ ಗೌರವ ಬಂತು.

ಹಾಡು ಐದು ನಿಮಿಷ ಮೀರಬಾರದು ಅನ್ನೋದನ್ನು ಮಾತ್ರ ಒಪ್ಪುತ್ತೇನೆ. ಸ್ವಿಂಗ್ ಕಾಲದ ಮಾಮೂಲಿ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದದ್ದೇ ಮೂರು ನಿಮಿಷ ಚಿಲ್ಲರೆ. ಆದರೂ ಪ್ರತಿ ಶನಿವಾರ ಒಬ್ಬರು ಬಂದು ಬ್ಯಾಂಡ್ ನಾಯಕ ಬೆನ್ನಿ ಗುಡ್‌ಮನ್ ಅವರ 'ಸಿಂಗ್, ಸಿಂಗ್, ಸಿಂಗ್' ಹಾಕಿ ಅಂತ ಕೇಳುತ್ತಾರೆ. 1937ರಲ್ಲಿ ದೊಡ್ಡ ತಟ್ಟೆಯ ಎರಡೂ ಬದಿಗೆ ಹಂಚಿ ರೆಕಾರ್ಡ್ ಮಾಡಿದ್ದು, ಎಂಟೂವರೆ ನಿಮಿಷಕ್ಕೂ ಜಾಸ್ತಿ, ವೇಗ 200 ದಾಟುತ್ತದೆ. ಪರಿಚಯವೇ ಇಲ್ಲದವರ ಕೈ ಹಿಡಿದು ಅಷ್ಟು ಹೊತ್ತು ಕುಣಿದರೆ ಕೊನೆಗೆ ಥ್ಯಾಂಕ್ಸ್ ಹೇಳಲೂ ಉಸಿರಿರುವುದಿಲ್ಲ. ಕೇಳಿದವರು ಕುಣಿಯುವುದಿಲ್ಲ ಅನ್ನೋದು ಬೇರೆ ಮಾತು. ಅವರು ಗೋಡೆಗೆ ಒರಗಿ ವಿಡಿಯೋ ಮಾಡುತ್ತಾರೆ. 'ಕೋರಿಕೆಗಳನ್ನು ನಗುಮುಖದಿಂದ ಸ್ವೀಕರಿಸಿ, ಹಾಕಲೇಬೇಕೆಂದಿಲ್ಲ' ಅನ್ನುತ್ತದೆ ಮಾರ್ಗಸೂಚಿ. ಈ ನಗು ನನಗೆ ಈಗ ಚೆನ್ನಾಗಿ ಒಲಿದಿದೆ.

ಈ 14 ಪುಟವನ್ನು ಆ ಕಾಲದಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಪ್ರಸಿದ್ಧ ಡಾನ್ಸ್ ಹಾಲ್ ಸವಾಯ್ ಬಾಲ್‌ರೂಮಿಗೆ ಕಳಿಸಿದ್ದರೆ ಏನಾಗುತ್ತಿತ್ತು? 'ಎರಡು ಹಾಡಿನ ನಡುವೆ ಮೂರು ಸೆಕೆಂಡ್ ಮೌನ' ಅನ್ನುತ್ತದೆ ನಮ್ಮ ನಿಯಮ. ಅಲ್ಲಿ ಎರಡು ವೇದಿಕೆ ಇದ್ದವು. ಒಂದು ಬ್ಯಾಂಡ್ ಮುಗಿಸುವ ಹೊತ್ತಿಗೆ ಇನ್ನೊಂದು ಎತ್ತಿಕೊಳ್ಳುತ್ತಿತ್ತು, ಸಂಗೀತ ನಿಲ್ಲುತ್ತಲೇ ಇರಲಿಲ್ಲ. 1937ರ ಮೇ 11ರಂದು ಅದೇ ಬೆನ್ನಿ ಗುಡ್‌ಮನ್ ತನ್ನ ಬ್ಯಾಂಡ್ ಕಟ್ಟಿಕೊಂಡು ಅಲ್ಲಿಗೆ ಬಂದ. ಆಗ ದೇಶಕ್ಕೆಲ್ಲ ಅವನದೇ ಹೆಸರು. ಎದುರಿಗೆ ಸವಾಯ್‌ನ ಮನೆಮಗ, ಡ್ರಮ್ಮರ್ ಚಿಕ್ ವೆಬ್. ಬೆನ್ನುಮೂಳೆಯ ಕಾಯಿಲೆಯಿಂದ ಬೆಳೆಯದೇ ಉಳಿದ ಪುಟ್ಟ ಮೈ. ಗುಡ್‌ಮನ್ ಪಡೆಯನ್ನು ಬಡಿದು ಕಳಿಸಿದ. ವೇಗ ಸ್ವಲ್ಪ ಜಾಸ್ತಿಯಾಯಿತು ಅಂತ ಮರುದಿನ ವೆಬ್‌ಗೆ ಯಾರೂ ಇಮೇಲ್ ಬರೆಯಲಿಲ್ಲ.

ಆದರೆ ಮಾರ್ಗಸೂಚಿ ಬರೆಯುವವರು ಆಗಲೂ ಇದ್ದರು, ಅವರ ಕೈಗೆ ಸರಕಾರ ಸಿಕ್ಕಿತ್ತು ಅಷ್ಟೇ. ಸವಾಯ್ ಬಾಗಿಲು ತೆರೆದ 1926ರಲ್ಲೇ ನ್ಯೂಯಾರ್ಕ್ ನಗರ ಒಂದು ಕಾನೂನು ತಂದಿತು. ಊಟ, ಕುಡಿತ ಮಾರುವ ಜಾಗದಲ್ಲಿ ಜನ ಕುಣಿಯಬೇಕಾದರೆ ಮಾಲೀಕನ ಹತ್ತಿರ ಲೈಸೆನ್ಸ್ ಇರಬೇಕು. ಆಮೇಲಿನ ವರ್ಷಗಳಲ್ಲಿ ಲೆಕ್ಕ ಹೇಗಿತ್ತೆಂದರೆ, ಇಬ್ಬರು ಕುಣಿದರೆ ಪರವಾಗಿಲ್ಲ, ಮೂರನೆಯವರು ಕಾಲು ಎತ್ತಿದರೆ ಅಪರಾಧ. ಆ ಕಾನೂನು ರದ್ದಾದದ್ದು 2017ರಲ್ಲಿ. 91 ವರ್ಷ! ನಡುವೆ 1943ರಲ್ಲಿ ಸವಾಯ್‌ಗೇ ಕೆಲವು ತಿಂಗಳು ಬೀಗ ಜಡಿದರು. ಕಪ್ಪು ಜನ, ಬಿಳಿ ಜನ ಒಂದೇ ಫ್ಲೋರಿನಲ್ಲಿ ಕುಣಿಯುತ್ತಿದ್ದ ಜಾಗ ಅದು. ಕಾಗದದ ಮೇಲೆ ಕಾರಣ ಬೇರೆ ಬರೆದಿದ್ದರು, ಬರೆಯುತ್ತಾರೆ. ಮರುವರ್ಷ ಅಮೆರಿಕ ಸರಕಾರ ಯುದ್ಧದ ಖರ್ಚಿಗೆಂದು ಇಂಥ ಜಾಗಗಳ ಬಿಲ್ಲಿನ ಮೇಲಿನ ತೆರಿಗೆಯನ್ನು 30 ಶೇಕಡಾಕ್ಕೆ ಏರಿಸಿತು. ಜನ ಕುಣಿದರೆ ಅಥವಾ ಯಾರಾದರೂ ಹಾಡಿದರೆ ತೆರಿಗೆ. ಬರೀ ವಾದ್ಯ ಕೇಳುತ್ತಾ ಸುಮ್ನೆ ಕೂತಿದ್ದರೆ ಇಲ್ಲ. ಕೂತಿರುವುದಕ್ಕೆ ಸರಕಾರದ ಪ್ರೋತ್ಸಾಹ! ಆಮೇಲೆ ಅದು 20ಕ್ಕೆ ಇಳಿಯಿತು. ಅಷ್ಟರಲ್ಲಿ ಎಷ್ಟೋ ಡಾನ್ಸ್ ಹಾಲ್‌ಗಳಲ್ಲಿ 'ಇಲ್ಲಿ ಕುಣಿಯಬಾರದು' ಅಂತ ಬೋರ್ಡ್ ಬಿದ್ದಿತ್ತು. ಅದಕ್ಕೆ ಹೋಲಿಸಿದರೆ ನಮ್ಮ ಸಮಿತಿಯವರು ದೇವರಂಥವರು. ಗ್ರಾಫ್ ಒಂದೇ ಕೊಟ್ಟಿದ್ದಾರೆ.

ಎಲ್ಲಿದ್ದೆ? ಹಾಂ, ಹೋದ ಶನಿವಾರ. 8:20ಕ್ಕೆ ನನ್ನ ಸರದಿ. ಮೂರನೇ ಹಾಡು ಚಿಕ್ ವೆಬ್ ಬ್ಯಾಂಡಿನದೇ, ಹಳೆಯ ರೆಕಾರ್ಡ್. ಸರಸರ ಸದ್ದು ಜಾಸ್ತಿ, ಹಾಡು ಮೆಲ್ಲಗೆ. 'ಹೊಸ ರೆಕಾರ್ಡಿಂಗಿನಿಂದ ಹಳೆಯದಕ್ಕೆ ಹೋಗುವಾಗ ಸದ್ದು ಸರಿಹೊಂದಿಸಿ' ಎನ್ನುತ್ತದೆ ಪುಟ 6. 'ಮಿಕ್ಸರ್ ಮುಟ್ಟಕೂಡದು' ಎನ್ನುತ್ತದೆ ಪುಟ 9. ಲ್ಯಾಪ್‌ಟಾಪಿನ ವಾಲ್ಯೂಮ್ ಆಗಲೇ ತುದಿ ಮುಟ್ಟಿತ್ತು. ಬೆರಳು ಮಿಕ್ಸರಿನ ಗುಬುಟಿನ ಮೇಲೆ ಒಂದು ಅಂಗುಲ ಎತ್ತರದಲ್ಲಿ ನಿಂತಿತು. ಮುಟ್ಟಿದೆ. ಗುಬುಟು ಜಿಗುಟು ಜಿಗುಟಾಗಿತ್ತು. ನನಗಿಂತ ಮುಂಚೆ ಎಲ್ಲರೂ ಮುಟ್ಟಿದ್ದರು.

ಕಂಬದ ಪಕ್ಕ ಒಂದು ಹೊಸ ಜೋಡಿ ಇತ್ತು. ಅವನು ಆರರ ಎಣಿಕೆಯ ಹೆಜ್ಜೆಯಲ್ಲಿದ್ದ, ಅವಳು ಎಂಟರ ಎಣಿಕೆಯದರಲ್ಲಿ. ಪ್ರತಿ ಸುತ್ತಿಗೂ ಡಿಕ್ಕಿ. ನಾಲ್ಕನೇ ಸಲ ಅವಳ ನಗು ನಿಂತಿತು. ನಗು ನಿಂತ ಹೊಸಬರು ಎರಡು ಹಾಡಿನೊಳಗೆ ಶೂ ಬಿಚ್ಚುತ್ತಾರೆ, ಮುಂದಿನ ವಾರ ಬರುವುದಿಲ್ಲ. ಗ್ರಾಫಿನ ಪ್ರಕಾರ ನಾನು ಇನ್ನೂ ಏರಬೇಕಿತ್ತು. ಇಳಿಸಿದೆ. 130ರ ಒಂದು ಸೋಮಾರಿ ಹಾಡು ಹಾಕಿದೆ. ಅವರು ಒಬ್ಬರನ್ನೊಬ್ಬರು ನೋಡಿಕೊಂಡರು, ನಿಂತಲ್ಲೇ ಸ್ವಲ್ಪ ಹೊತ್ತು ತೂಗಾಡಿದರು, ಹೆಜ್ಜೆ ಸಿಕ್ಕಿತು.

ಭಾನುವಾರ ಬೆಳಿಗ್ಗೆ ಸಮಿತಿಯಿಂದ ಇಮೇಲ್. 'ಮೂರರಿಂದ ನಾಲ್ಕನೇ ಹಾಡಿಗೆ 44 ಬೀಟ್ ಇಳಿದಿದೆ. ದಯವಿಟ್ಟು ಗಮನಿಸಿ.' ಜೊತೆಗೆ ಎಕ್ಸೆಲ್ ಶೀಟ್.

ಇದಕ್ಕೆ ಏನು ತಮಾಷೆ ಮಾಡೋದು ಹೇಳಿ. ಹಾಲ್‌ಗೆ ಬಾಡಿಗೆ ಕೊಡುತ್ತಾರೆ, ಪಾಠ ಹೇಳುವವರಿಗೆ ಕೊಡುತ್ತಾರೆ, ಫೋಟೋ ತೆಗೆಯುವವರಿಗೂ ಕೊಡುತ್ತಾರೆ. ಕೊಡಲಿ, ಕೊಡಬೇಕಾದ್ದೇ. ಡಿಜೆ ಮಾತ್ರ ತನ್ನ ಲ್ಯಾಪ್‌ಟಾಪ್, ತನ್ನ ಕೇಬಲ್, ತನ್ನ ದುಡ್ಡಲ್ಲಿ ಕೊಂಡ ಹಾಡು ತರಬೇಕು, ಯಾಕೆಂದರೆ ಇದು ಸಮುದಾಯದ ಪ್ರೀತಿಯ ಕೆಲಸ. ದುಡ್ಡು ಬೇಡ ಮಾರಾಯ್ರೇ, ನಾನು ಕೇಳಿಯೂ ಇಲ್ಲ. ಆದರೆ ನನ್ನ 40 ನಿಮಿಷದಲ್ಲಿ ಸಮಿತಿಯ ಮೂವರೂ ಗೋಡೆಗೆ ಒರಗಿ ಮೊಬೈಲ್ ಕುಟ್ಟುತ್ತಿದ್ದರು. ಒಬ್ಬರೂ ಕುಣಿಯಲಿಲ್ಲ. ಒಬ್ಬರೂ ಫ್ಲೋರ್ ಕಡೆ ತಲೆ ಎತ್ತಲಿಲ್ಲ. ಆ 14 ಪುಟವನ್ನು ಮತ್ತೆ ತಿರುವಿ ಹಾಕಿದೆ. 'ಕುಣಿಯುವವರನ್ನು ನೋಡಿ' ಎಂಬ ಸಾಲು ಎಲ್ಲೂ ಇಲ್ಲ. ಸಾಕಾಗಿದೆ ನನಗೆ.

ಬಿಡುತ್ತೇನೆ ಅಂತ ಉತ್ತರ ಟೈಪ್ ಮಾಡಿ ಕಳಿಸದೇ ಇಟ್ಟಿದ್ದೆ. ಅಷ್ಟರಲ್ಲಿ ಪರಿಷ್ಕೃತ ಆವೃತ್ತಿ ಬಂತು, ಈಗ 15 ಪುಟ. ಹೊಸ ನಿಯಮ ಒಂದೇ: 'ಹಾಡು ಓಡುತ್ತಿರುವಾಗ ಡಿಜೆ ಮೇಜು ಬಿಟ್ಟು ಫ್ಲೋರಿಗೆ ಇಳಿಯಬಾರದು.' ಅದು ನನ್ನದು. ಕೊನೆಯ ಹಾಡಿಗೆ ಆ ಎಂಟರ ಎಣಿಕೆಯ ಹುಡುಗಿ ಬಂದು ಕೈ ಚಾಚಿದ್ದಳು. ಹಾಡು ಮುಗಿದ ಮೇಲೆ 11 ಸೆಕೆಂಡ್ ಮೌನ ಆಯಿತಂತೆ, ಎಣಿಸಿ ಬರೆದಿದ್ದಾರೆ.